ಡಿಸ್ಕಿಗೂ ಒಂದು ಉತಾರ

ಕುಂದಗೋಳ ತಾಲೂಕಿನ ಕುಬಿಹಾಳದ ರೈತನು ಹೊಲದ ಉತಾರವನ್ನು ಇಂದು ಗಣಕಯಂತ್ರದಿಂದಲೇ ಪಡೆಯುವನಷ್ಟೆ. ಈ ಶತಮಾನದ ಆದಿಯಲ್ಲಿ ‘ಭೂಮಿ’ ಯೋಜನೆಯು ಕೈಬರಹದ ಪಹಣಿಯನ್ನು ಕೊನೆಗಾಣಿಸಿದಂದಿನಿಂದ ಭೂಮಿಯ ಒಡೆತನವೂ ವಿಸ್ತೀರ್ಣವೂ ಡಿಸ್ಕಿನಲ್ಲಿ ನೆಲೆಸಿರುವಾಗ, ಆ ಡಿಸ್ಕಿಗೂ ಒಂದು ಉತಾರವುಂಟೆಂದು ಬಲ್ಲವರು ವಿರಳ. ಪಾರ್ಟಿಷನ್ ಟೇಬಲ್ ಎಂಬ ಆ ಪಟ್ಟಿಯು, ಹಳೆಯ ಎಂಬಿಆರ್ ಪದ್ಧತಿಯಲ್ಲಿ, 512 ಬೈಟುಗಳ ಪ್ರಥಮ ಸೆಕ್ಟರಿನೊಳಗೆ ಕೇವಲ 64 ಬೈಟುಗಳಲ್ಲಿ ನಾಲ್ಕು ವಿಭಾಗಗಳ ಆರಂಭವನ್ನೂ ವಿಸ್ತಾರವನ್ನೂ ಹೇಳುತ್ತದೆ. ಒಂದರ ಅಂತ್ಯವು ಮತ್ತೊಂದರ ಆದಿಯನ್ನು ಅತಿಕ್ರಮಿಸಿತೇ ಎಂದು ವಿಚಾರಿಸುವ ವಿವೇಕ ಅದಕ್ಕಿಲ್ಲ.

ಬ್ಯಾಕಪ್ ತಂತ್ರಾಂಶವು ಒಂದು ವಿಭಾಗವನ್ನು ಮರಳಿ ಸ್ಥಾಪಿಸುವಾಗ ಅದನ್ನು ಹಿಗ್ಗಿಸಿ ನೆರೆಯ ನಮೂದನ್ನು ತಿದ್ದದೆ ಬಿಟ್ಟರೆ, ಅಥವಾ ಹೊಸದಾಗಿ ವಿಂಗಡಿಸಿದ ಡಿಸ್ಕಿನ ಮೇಲೆ ಹಳೆಯ ಪಟ್ಟಿಯನ್ನೇ ಯಥಾವತ್ತಾಗಿ ಹೇರಿದರೆ, ಪಟ್ಟಿಗೂ ವಸ್ತುಸ್ಥಿತಿಗೂ ತಾಳ ತಪ್ಪಿ, ಒಂದೇ ಸೆಕ್ಟರಿಗೆ ಇಬ್ಬರು ಒಡೆಯರಾಗಬಹುದು. ಆ ಕ್ಷಣಕ್ಕೆ ಅನಾಹುತವೇನೂ ತೋರದು. ಯಂತ್ರವು ಎಂದಿನಂತೆ ಚಾಲೂ ಆಗುವುದು. ಒಂದು ವಿಭಾಗ ತುಂಬುತ್ತ ಬಂದಂತೆ ನೆರೆಯದರ ಕಡತಗಳು ಸದ್ದಿಲ್ಲದೆ ಅಳಿಯತೊಡಗುವುವು. ಆಗ ಗಾಬರಿಯಿಂದ ದುರಸ್ತಿ ತಂತ್ರಾಂಶವನ್ನು ಓಡಿಸುವುದು ಕೇಡನ್ನು ಹೆಚ್ಚಿಸೀತೇ ಹೊರತು ತಗ್ಗಿಸದು.

ಎಂಬಿಆರಿನ ನಂತರ ಬಂದ ಜಿಪಿಟಿ ಪದ್ಧತಿಯು ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ತುದಿಯಲ್ಲಿ ಕಾಪಾಡುವುದು ನಿಜ. ಆದರೆ ತಪ್ಪನ್ನೇ ಎರಡೂ ಕಡೆ ಬರೆದ ತಂತ್ರಾಂಶದೆದುರು ಅದೂ ನಿರುಪಾಯ. ಒಂದೇ ಕ್ಲಿಕ್ಕಿನಲ್ಲಿ ಸರ್ವವೂ ಸುರಕ್ಷಿತವೆಂಬ ಮಾರಾಟಗಾರರ ಮಾತನ್ನು ನಾನಂತೂ ನಂಬಲಾರೆ. ಹಳ್ಳಿಯ ಸಹಕಾರಿ ಸಂಘದವರೂ ಶಾಲೆಯವರೂ ವಿಭಾಗಪಟ್ಟಿಯ ಅಂಕಿಗಳನ್ನು ಕಾಗದದ ಮೇಲೆ ಮುದ್ರಿಸಿಟ್ಟುಕೊಳ್ಳಲಿ. ಬ್ಯಾಕಪ್ಪನ್ನು ಮೊದಲು ಖಾಲಿ ಡಿಸ್ಕೊಂದರ ಮೇಲೆ ಸ್ಥಾಪಿಸಿ ಪರೀಕ್ಷಿಸಲಿ.