ಚಾಟ್ಸ್‌ವುಡ್ ಪತ್ರ – 23: ಡಿಸ್ಕಿಗೆ ಯಾಕೆ ದುಡ್ಡು ಹಾಕ್ತೀ ಅಂತ ಕೇಳಿದವರಿಗೆ

ಕಳೆದ ಪತ್ರದಲ್ಲಿ ಬಾಡಿಗೆ ಮನೆಯ ಫೋಟೊ ಹಾಕಿದ್ದೆನಲ್ಲ, ಯಾರೂ ಮನೆ ನೋಡಲಿಲ್ಲ. ಹಿಂದಿನ ಕಪಾಟಿನಲ್ಲಿದ್ದ ಬ್ಲೂ-ರೇ ಡಿಸ್ಕುಗಳನ್ನು ಎಣಿಸಿದಿರಿ. "ಮೊಬೈಲಲ್ಲಿ ಎಲ್ಲ ಫ್ರೀ ಸಿಗುವಾಗ ಇದೆಲ್ಲ ಎಂತಕ್ಕೆ ಮಾರಾಯ್ತಿ?" ಅಂತ ಕೇಳಿದವರೇ ಹೆಚ್ಚು. ಚಿಕ್ಕಮ್ಮ ಮಾತ್ರ ಆ ದುಡ್ಡಿಗೆ ಎಷ್ಟು ಗ್ರಾಂ ಚಿನ್ನ ಬರ್ತಿತ್ತು ಅಂತ ಲೆಕ್ಕ ಹಾಕಿ ಕಳಿಸಿದ್ದಾರೆ. ಕಮೆಂಟಿನಲ್ಲಿ ಉತ್ತರ ಕೊಟ್ಟು ಮುಗಿಯುವ ವಿಷಯ ಅಲ್ಲ, ಹಾಗಾಗಿ ಈ ಸಲದ ಪತ್ರ ಇದರ ಮೇಲೆಯೇ.

ನನ್ನ ಹತ್ತಿರ ಇರುವುದು 46 ಡಿಸ್ಕ್. ಹೆಚ್ಚಿನವು 1940ರಿಂದ 70ರವರೆಗಿನ ಕಳ್ಳ-ಪೊಲೀಸ್, ಕೊಲೆ, ಅಪಹರಣದ ಚಿತ್ರಗಳು. ಕೆಲವು ಇಲ್ಲಿಯವೇ, ಕೆಲವು ಇಂಗ್ಲೆಂಡಿನಿಂದ, ಅಮೆರಿಕದಿಂದ ತರಿಸಿದವು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ: ಹಳೆಯ ಸಿನಿಮಾವನ್ನು ದುಡ್ಡು ಕೊಟ್ಟು ಕೊಳ್ಳುವ ಜನ ಇದ್ದಲ್ಲಿ ಆ ಸಿನಿಮಾ ಚೆನ್ನಾಗಿ ಉಳಿಯುತ್ತದೆ. ಕನ್ನಡದಲ್ಲಿ ನಾವು ಕೊಳ್ಳುವವರಾಗಲಿಲ್ಲ. ಅದಕ್ಕೇ ನಮ್ಮ ಚಿತ್ರಗಳು ನಮ್ಮ ಕಣ್ಣೆದುರೇ ಮಸುಕಾಗ್ತಾ ಇವೆ.

ಮೊದಲು ಕತ್ತಲೆಯ ವಿಷಯ. ಈ ಜಾತಿಯ ಚಿತ್ರಗಳಲ್ಲಿ ಅರ್ಧ ಕತೆ ಹೇಳುವುದೇ ನೆರಳು. 1949ರ 'ದಿ ಥರ್ಡ್ ಮ್ಯಾನ್' ತೆಗೆದುಕೊಳ್ಳಿ. ಯುದ್ಧ ಮುಗಿದ ವಿಯೆನ್ನಾ. ಹ್ಯಾರಿ ಲೈಮ್ ಎಂಬ ಖದೀಮ ಮಿಲಿಟರಿ ಆಸ್ಪತ್ರೆಯ ಪೆನಿಸಿಲಿನ್ ಕದ್ದು, ನೀರು ಬೆರೆಸಿ ಮಾರುತ್ತಾನೆ. ಆ ಔಷಧಿ ಹೋಗುವುದು ಮಕ್ಕಳ ಮೈಗೆ. ಮಕ್ಕಳ ವಾರ್ಡಿನ ದೃಶ್ಯದಲ್ಲಿ ಕ್ಯಾಮೆರಾ ಆ ಮಕ್ಕಳನ್ನು ತೋರಿಸುವುದಿಲ್ಲ, ನೋಡುತ್ತಾ ನಿಂತವನ ಮುಖ ಮಾತ್ರ ತೋರಿಸುತ್ತದೆ. ದಿನಾ ಇಂಜೆಕ್ಷನ್ನಿನ ಡೋಸ್ ಎರಡೆರಡು ಸಲ ಪರೀಕ್ಷೆ ಮಾಡುವ ಕೆಲಸದವಳಿಗೆ ಇದಕ್ಕಿಂತ ಭಯದ ಸಿನಿಮಾ ಇನ್ನೊಂದಿಲ್ಲ. ಅದರ ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಆಸ್ಟ್ರೇಲಿಯಾದವರು, ಪರ್ತ್‌ನಲ್ಲಿ ಬೆಳೆದವರು. ಆ ಚಿತ್ರಕ್ಕೇ ಆಸ್ಕರ್ ಬಂತು. ಕತ್ತಲ ಬಾಗಿಲಲ್ಲಿ ನಿಂತ ಲೈಮ್‌ನ ಮುಖದ ಮೇಲೆ ಎದುರು ಕಿಟಕಿಯ ಬೆಳಕು ಬೀಳುವ ಆ ಒಂದು ಕ್ಷಣ ಉಂಟಲ್ಲ, ಮೊಬೈಲಿನ ಕೆಟ್ಟ ಪ್ರತಿಯಲ್ಲಿ ಅಲ್ಲಿ ಬಾಗಿಲೂ ಇಲ್ಲ, ಕತ್ತಲೂ ಇಲ್ಲ. ಚೌಕ ಚೌಕವಾಗಿ ಒಡೆದ ಬೂದಿ ಬಣ್ಣ, ಅಷ್ಟೆ.

ಕಾರಣ ಸರಳ. ಬ್ಲೂ-ರೇ ಡಿಸ್ಕಿನಲ್ಲಿ ಎರಡು ಪದರ ಸೇರಿ 50 ಗಿಗಾಬೈಟ್ ಜಾಗ ಉಂಟು, ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಕೊಡಬಹುದು. ಮೊಬೈಲಿಗೆ ಬರುವುದು ಅದರ ಸಣ್ಣ ಪಾಲು. ಉಳಿಸಲಿಕ್ಕೆ ಮೊದಲು ಕತ್ತರಿ ಬೀಳುವುದು ಕತ್ತಲಿಗೆ, ಯಾಕೆಂದರೆ ಅಲ್ಲಿ ಏನೂ ಇಲ್ಲ ಅಂತ ಯಂತ್ರದ ಲೆಕ್ಕ. ಔಷಧಿಗೆ ನೀರು ಬೆರೆಸಿದ ಹಾಗೆಯೇ ಇದು. ಬಾಟಲಿಯ ಮೇಲೆ ಹೆಸರು ಅದೇ, ಒಳಗಿನದ್ದು ಬೇರೆ. ಕುರೊಸಾವಾರ 'ಹೈ ಆ್ಯಂಡ್ ಲೋ' (1963) ಇಡೀ ಕಪ್ಪು ಬಿಳುಪು. ಒಂದೇ ಒಂದು ಕಡೆ ಚಿಮಣಿಯಿಂದ ಗುಲಾಬಿ ಬಣ್ಣದ ಹೊಗೆ ಏಳುತ್ತದೆ, ಅಪಹರಣಕಾರನ ಸುಳಿವು ಸಿಗುವುದು ಆ ಹೊಗೆಯಿಂದ. ಆ ಗುಲಾಬಿಯನ್ನು ಸರಿಯಾಗಿ ನೋಡಬೇಕು ಅಂತಲೇ ನಾನು ಅಮೆರಿಕದ ಡಿಸ್ಕ್ ತರಿಸಿದ್ದು.

ತರಿಸುವುದು ಅಂದರೆ ಸುಲಭ ಅಲ್ಲ ಮಾರಾಯ್ರೆ. ಬ್ಲೂ-ರೇಗೆ ಜಗತ್ತನ್ನು ಮೂರು ಪಾಲು ಮಾಡಿದ್ದಾರೆ. ಅಮೆರಿಕ, ಜಪಾನ್ ಎ. ಆಸ್ಟ್ರೇಲಿಯಾ, ಯುರೋಪು ಬಿ. ನಮ್ಮ ಭಾರತ, ಚೀನಾ ಸಿ. ಇಂಗ್ಲೆಂಡಿನ ಡಿಸ್ಕ್ ಇಲ್ಲಿ ಸೀದಾ ಓಡ್ತದೆ, ಅಮೆರಿಕದ ಬೀಗ ಹಾಕಿದ ಡಿಸ್ಕಿಗೆ ಎಲ್ಲ ಪಾಲನ್ನೂ ಓದುವ ಪ್ಲೇಯರ್ ಬೇಕು. ಹೊಸ 4ಕೆ ಡಿಸ್ಕಿಗೆ ಈ ಬೀಗ ಇಲ್ಲ. 2018ರ ಜುಲೈಯಿಂದ ಹೊರದೇಶದ ಸಣ್ಣ ಪಾರ್ಸೆಲ್ಲಿಗೂ 10 ಶೇಕಡ ಜಿಎಸ್‌ಟಿ ಸೇರುತ್ತದೆ. ಎಲ್ಲ ಸೇರಿ ನನಗೆ ಒಂದೊಂದು 30ರಿಂದ 50 ಡಾಲರ್ ಬಿದ್ದಿದೆ. ಹೌದು ಚಿಕ್ಕಮ್ಮ, ಕಡಿಮೆ ಅಲ್ಲ.

ಆದರೆ ಈ ದುಡ್ಡು ಎಲ್ಲಿಗೆ ಹೋಗುತ್ತದೆ ನೋಡಿ. ಮೆಲ್ಬರ್ನಿನಲ್ಲಿ ಇಂಪ್ರಿಂಟ್ ಅಂತ ಒಂದು ಸಂಸ್ಥೆ 2020ರಲ್ಲಿ ಶುರುವಾಯಿತು. ಹಳೆಯ ಚಿತ್ರಗಳಿಗೆ ನಂಬರು ಹಾಕಿ, ಒಳ್ಳೆಯ ರಟ್ಟಿನ ಹೊದಿಕೆಯಲ್ಲಿ ತರುತ್ತಾರೆ. ಆರಂಭದಲ್ಲೇ ಬಂದದ್ದು 'ಸಾರಿ, ರಾಂಗ್ ನಂಬರ್' (1948). ಹಾಸಿಗೆ ಹಿಡಿದ ಹೆಂಗಸೊಬ್ಬಳು ಅಡ್ಡ ಬಿದ್ದ ಫೋನ್ ಲೈನಿನಲ್ಲಿ ಕೊಲೆಯ ಸಂಚು ಕೇಳಿಸಿಕೊಳ್ಳುವ ಕತೆ. ಇಂಥ ಎಷ್ಟೋ ಬಿಡುಗಡೆಗಳ ಮೊದಲ ಆವೃತ್ತಿ 1500 ಪ್ರತಿ ಮಾತ್ರ. ಸಾವಿರದೈನೂರು! ಅಷ್ಟು ಜನ ಜಗತ್ತಿನಲ್ಲಿ ಎಲ್ಲೆಲ್ಲೋ ಕೂತು ಕೊಳ್ಳುತ್ತಾರೆ ಎಂಬ ಭರವಸೆಯ ಮೇಲೆ ಎಪ್ಪತ್ತು ವರ್ಷ ಹಳೆಯ ಚಿತ್ರ ಮತ್ತೆ ಅಂಗಡಿಗೆ ಬರುತ್ತದೆ. ಇನ್ನೊಂದು ವಿಷಯ, ಇವುಗಳಲ್ಲಿ ಎಷ್ಟೋ ಆ ಕಾಲಕ್ಕೆ ಯಾರೂ ಲೆಕ್ಕಕ್ಕೆ ಇಡದ ಅಗ್ಗದ ಚಿತ್ರಗಳು. 1946ರಲ್ಲಿ ಫ್ರಾನ್ಸಿನ ವಿಮರ್ಶಕರು 'ಫಿಲ್ಮ್ ನ್ವಾರ್' ಅಂತ ಹೆಸರು ಕೊಟ್ಟ ಮೇಲೆ ನಿಧಾನವಾಗಿ ಗೌರವ ಬಂತು.

ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ಅಲ್ಲ. 2023ರಲ್ಲಿ ಡಿಸ್ನಿ ಆಸ್ಟ್ರೇಲಿಯಾದಲ್ಲಿ ಡಿಸ್ಕ್ ಬಿಡುಗಡೆ ನಿಲ್ಲಿಸಿತು. ಅದೇ ವರ್ಷ ಸ್ಯಾನಿಟಿ ಎಂಬ ಅಂಗಡಿ ಸರಣಿ ಮಳಿಗೆಗಳನ್ನೆಲ್ಲ ಮುಚ್ಚಿ ಆನ್‌ಲೈನಿಗೆ ಹೋಯಿತು. ಸ್ಟ್ರೀಮಿಂಗ್ ಅಂತೀರಾ, ಹಕ್ಕಿನ ಅವಧಿ ಮುಗಿದ ದಿನ ಚಿತ್ರ ಮಾಯ. ದುಡ್ಡು ಕೊಟ್ಟರೂ ಅದು ಬಾಡಿಗೆ ಮನೆಯೇ. ಡಿಸ್ಕ್ ನನ್ನ ಕಪಾಟಿನಲ್ಲಿ ಇರುವಷ್ಟು ದಿನ ಯಾರೂ ಬಂದು ತೆಗೆದುಕೊಂಡು ಹೋಗುವುದಿಲ್ಲ.

ಈಗ ನಮ್ಮ ಮನೆಯ ಮಾತು.

ಅಪರಾಧ ಚಿತ್ರಗಳಲ್ಲಿ ಕನ್ನಡ ಬಡ ಭಾಷೆ ಅಲ್ಲ. ದೊರೆ-ಭಗವಾನ್ 1968ರಲ್ಲಿ 'ಜೇಡರ ಬಲೆ' ಮಾಡಿ ರಾಜಕುಮಾರರನ್ನು ಸಿಐಡಿ 999 ಮಾಡಿದರು. ಜನ ಬಿಡಲಿಲ್ಲ, ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ ಇನ್ನೊಂದು, 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂತು. ಆ ಕೊನೆಯದರ ಇಂಗ್ಲಿಷ್ ಹಾಡಿನ ತುಣುಕು ನೀವೆಲ್ಲ ವಾಟ್ಸಾಪಿನಲ್ಲಿ ಕಳಿಸಿ ನಗುತ್ತೀರಿ, ಇಡೀ ಚಿತ್ರ ನೋಡಿದವರು ಎಷ್ಟು ಜನ? ಅದೇ 1978ರಲ್ಲಿ ಕಾಶೀನಾಥ್ 'ಅಪರಿಚಿತ' ಮಾಡಿದರು. ಶಂಕರ್‌ನಾಗ್ ನಿರ್ದೇಶಕರಾಗಿ ಮೊದಲು ಆರಿಸಿಕೊಂಡದ್ದು ಕಾರು ಕಳ್ಳರ ಕತೆ, 1980ರ 'ಮಿಂಚಿನ ಓಟ'. 1989ರಲ್ಲಿ ಸುನೀಲ್ ಕುಮಾರ್ ದೇಸಾಯಿ 'ತರ್ಕ' ಮಾಡಿದರು.

ಅದೇ ದೇಸಾಯಿಯವರ 1993ರ 'ನಿಷ್ಕರ್ಷ' ನಮ್ಮೂರಿನದ್ದು. ಬಿ.ಸಿ. ಪಾಟೀಲರು ನಿರ್ಮಿಸಿ ತಾವೂ ನಟಿಸಿದ, ವಿಷ್ಣುವರ್ಧನ್, ಅನಂತನಾಗ್ ಇದ್ದ ಬ್ಯಾಂಕ್ ದರೋಡೆಯ ಚಿತ್ರ. ಮಣಿಪಾಲದಲ್ಲಿ ನಡೆದ ಚಿತ್ರೀಕರಣದ ಸುದ್ದಿ ಹೇಳದ ದೊಡ್ಡವರು ನಮ್ಮ ಕಡೆ ಇಲ್ಲ. ಆ ಚಿತ್ರದಲ್ಲಿ ವಿಷ್ಣುವರ್ಧನ್ ಮಾತ್ರ ಇಲ್ಲ. 1993ರ ಮಣಿಪಾಲವೂ ಉಂಟು. ಆ ರಸ್ತೆ, ಆ ಕಟ್ಟಡ, ಬೇಲಿಯ ಆಚೆ ನಿಂತ ಜನ. ಈಗ ಹೋಗಿ ನಿಂತರೆ ಗುರುತು ಸಿಗದಷ್ಟು ಊರು ಬದಲಾಗಿದೆ. ಅದನ್ನು ಈಗ ಮೊಬೈಲಿನಲ್ಲಿ ನೋಡಿದರೆ ಮುಖಗಳೇ ಗೊತ್ತಾಗುವುದಿಲ್ಲ. ಹಿಂದೆ ನಿಂತ ಜನರಲ್ಲಿ ನಿಮ್ಮ ಅಪ್ಪ ಇದ್ದರೆ ಗುರುತಿಸುವುದು ಹೇಗೆ?

ಯೂಟ್ಯೂಬಿಗೆ ಹಾಕಿದವರನ್ನು ನಾನು ಬೈಯುವುದಿಲ್ಲ. ಅವರು ಹಾಕದಿದ್ದರೆ ಎಷ್ಟೋ ಚಿತ್ರಗಳ ಹೆಸರೂ ನಮಗೆ ಉಳಿಯುತ್ತಿರಲಿಲ್ಲ. ಆದರೆ ಅದು ಪ್ರಥಮ ಚಿಕಿತ್ಸೆ ಮಾತ್ರ. ಹೆಚ್ಚುಕಡಿಮೆ ಚೌಕವಾದ ಹಳೆಯ ಚಿತ್ರವನ್ನು ಅಗಲದ ಪರದೆಗೆ ಎಳೆದು, ಅಣ್ಣಾವ್ರ ಮುಖ ಹಪ್ಪಳ ಮಾಡಿ, ಮೂಲೆಯಲ್ಲಿ ಕಂಪನಿಯ ಗುರುತು ಅಂಟಿಸಿದ್ದನ್ನೇ 'ಎಚ್‌ಡಿ' ಅಂದರೆ ಒಪ್ಪುವುದು ಹೇಗೆ? ಬಣ್ಣ ಬಳಿಯುವುದೂ ನನಗೆ ಸೇರುವುದಿಲ್ಲ. 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಬಂದಾಗ ಜನ ಟಾಕೀಸಿಗೆ ಹೋದರು, ಸಂತೋಷ. ಆದರೆ 'ಜೇಡರ ಬಲೆ'ಯ ಕಪ್ಪು ಬಿಳುಪನ್ನು ಹಾಗೆಯೇ ತೊಳೆದು ಕೊಡಲಿ. ಪತ್ತೇದಾರಿ ಚಿತ್ರದ ನೆರಳಿಗೆ ಬಣ್ಣ ಹಚ್ಚಿದರೆ ಉಳಿಯುವುದೇನು?

"ನಮ್ಮಲ್ಲಿ ಅದೆಲ್ಲ ಆಗ್ಲಿಕ್ಕಿಲ್ಲ" ಅನ್ನುವ ಮಾತನ್ನೂ ಒಪ್ಪುವುದಿಲ್ಲ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಮೂಲ ನೆಗೆಟಿವ್‌ನಿಂದಲೇ ಪುನಶ್ಚೇತನಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದರ ಹಿಂದೆ ಇತ್ತು, ನೆಗೆಟಿವ್ ಇದ್ದದ್ದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ. ಅಂದರೆ ದಾರಿ ಉಂಟು. ಪ್ರಶಸ್ತಿಯ ಚಿತ್ರಕ್ಕೆ ಕೈ ಹಿಡಿಯುವವರು ಸಿಗುತ್ತಾರೆ. ಕಳ್ಳ-ಪೊಲೀಸ್ ಚಿತ್ರಕ್ಕೆ ಯಾರು? ಅದಕ್ಕೆ ಇರುವುದು ಟಿಕೆಟು ತೆಗೆದ ಜನ ಮಾತ್ರ, ಅಂದರೆ ನಾವು.

ಸಮಯವೂ ಬಹಳ ಇಲ್ಲ. ಹಳೆಯ ಅಸಿಟೇಟ್ ಫಿಲ್ಮು ಸೆಕೆಗೆ, ತೇವಕ್ಕೆ ಒಳಗಿಂದಲೇ ಹುಳಿಯಾಗುತ್ತದೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ, ಆಮೇಲೆ ಸುರುಟಿಕೊಂಡು ಹೋಗುತ್ತದೆ. ಒಮ್ಮೆ ಶುರುವಾದರೆ ಹಿಂದೆ ತಿರುಗಿಸಲಿಕ್ಕೆ ಆಗುವುದಿಲ್ಲ, ತಂಪಿನಲ್ಲಿಟ್ಟು ನಿಧಾನ ಮಾಡಬಹುದು. ಮಳೆಗಾಲದಲ್ಲಿ ಹಪ್ಪಳಕ್ಕೇ ಬೂಸ್ಟು ಬರುವ ನಾಡು ನಮ್ಮದು. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಇವತ್ತು ಇಲ್ಲ.

ಇಲ್ಲಿಯವರೂ ಕಳೆದುಕೊಂಡವರೇ. 1906ರ ಡಿಸೆಂಬರ್ 26ರಂದು ಮೆಲ್ಬರ್ನಿನಲ್ಲಿ ತೆರೆಕಂಡ 'ದಿ ಸ್ಟೋರಿ ಆಫ್ ದಿ ಕೆಲ್ಲಿ ಗ್ಯಾಂಗ್' ನೆಡ್ ಕೆಲ್ಲಿ ಎಂಬ ದರೋಡೆಕೋರನ ಕತೆ. ಜಗತ್ತಿನ ಮೊದಲ ಪೂರ್ಣ ಉದ್ದದ ಕಥಾಚಿತ್ರ ಅದೇ ಅನ್ನುತ್ತಾರೆ. ಒಂದು ಗಂಟೆಗೂ ಹೆಚ್ಚಿದ್ದ ಆ ಚಿತ್ರದಲ್ಲಿ ಉಳಿದದ್ದು ಸುಮಾರು ಕಾಲು ಗಂಟೆಯಷ್ಟು ಚೂರುಗಳು. ಅದರಲ್ಲೂ ಸ್ವಲ್ಪ ಸಿಕ್ಕಿದ್ದು ಕಸದ ರಾಶಿಯಲ್ಲಿ. ಆ ಚೂರುಗಳಿಗೆ 2007ರಲ್ಲಿ ಯುನೆಸ್ಕೊ ಮನ್ನಣೆ ಬಂತು. ಕಳೆದುಕೊಂಡ ಮೇಲೆ ಚೂರನ್ನೂ ಚಿನ್ನದ ಹಾಗೆ ಕಾಯುತ್ತಾರೆ. ನಮಗೆ ಇನ್ನೂ ಇಡೀ ಚಿತ್ರಗಳು ಉಳಿದಿರುವಾಗಲೇ ಆ ಬುದ್ಧಿ ಬರಬಾರದಾ?

ಲೆಕ್ಕ ಹಾಕೋಣ. 1500 ಡಿಸ್ಕ್, ಒಂದಕ್ಕೆ 40 ಡಾಲರ್, 60,000 ಡಾಲರ್. ನಮ್ಮ ರೂಪಾಯಿಯಲ್ಲಿ 30 ಲಕ್ಷ ದಾಟುತ್ತದೆ. ಸಿಡ್ನಿ, ಮೆಲ್ಬರ್ನ್, ದುಬೈ, ಲಂಡನ್, ಅಮೆರಿಕದ ರಾಜ್ಯೋತ್ಸವಗಳಲ್ಲಿ ಬಿಸಿಬೇಳೆ ಭಾತಿಗೆ ಸಾಲು ನಿಲ್ಲುವವರಲ್ಲಿ 1500 ಜನ ಸಿಗುವುದಿಲ್ಲವಾ? ದೇಶ ಬಿಟ್ಟು ಬಂದ ನಾವು ಕನ್ನಡ ಉಳಿಸಿ ಅಂತ ವೇದಿಕೆಯಲ್ಲಿ ಹೇಳುತ್ತೇವೆ, ಮನೆಗೆ ಬಂದು ಕದ್ದ ಪ್ರತಿ ನೋಡುತ್ತೇವೆ. ಮೊದಲು ಮುಂಗಡ ದುಡ್ಡು ಇಡುವವರು ನಾವಾಗಬೇಕು. ಹಕ್ಕು ಯಾರದ್ದು, ನೆಗೆಟಿವ್ ಎಲ್ಲಿ ಎಂಬ ತಕರಾರು ಬಿಡಿಸುವುದು ಸುಲಭ ಅಲ್ಲ, ಗೊತ್ತು. ಆದರೆ ಕೊಳ್ಳುವವರು ಎದುರು ನಿಂತರೆ ಹುಡುಕುವವರೂ ಏಳುತ್ತಾರೆ.

ಊರಲ್ಲಿರುವ ನಿಮ್ಮ ಹತ್ತಿರ ಮೂರು ಬೇಡಿಕೆ. ಅಟ್ಟ ಗುಡಿಸುವಾಗ ಹಳೆಯ ಕ್ಯಾಸೆಟ್, ವಿಸಿಡಿ, ಚಿತ್ರದ ಪದ್ಯಪುಸ್ತಕ, ಪೋಸ್ಟರ್ ಸಿಕ್ಕರೆ ಗುಜರಿಗೆ ಹಾಕಬೇಡಿ, ಫೋಟೊ ತೆಗೆದು ನನಗೆ ಕಳಿಸಿ. ಟಾಕೀಸು ನಡೆಸಿದ ಅಥವಾ ಚಿತ್ರಕ್ಕೆ ದುಡ್ಡು ಹಾಕಿದ ಮನೆಯವರು ಪರಿಚಯ ಇದ್ದರೆ, ರೀಲಿನ ಡಬ್ಬಿ ಎಲ್ಲಿದೆ ಅಂತ ಮೆಲ್ಲ ಕೇಳಿ. ಹಳೆಯ ಕನ್ನಡ ಚಿತ್ರ ಮತ್ತೆ ಟಾಕೀಸಿಗೆ ಬಂದರೆ ಟಿಕೆಟು ತೆಗೆದು ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.

'ನಿಷ್ಕರ್ಷ'ದ ಶೂಟಿಂಗ್ ಕಣ್ಣಾರೆ ನೋಡಿದವರು ಈ ಪಟ್ಟಿಯಲ್ಲಿ ಯಾರ್ಯಾರು ಇದ್ದೀರಿ? ಎಲ್ಲಿ ನಿಂತು ನೋಡಿದಿರಿ, ಏನು ಕಂಡಿರಿ, ಕೆಳಗೆ ಬರೆಯಿರಿ. ಚಿತ್ರ ತೊಳೆದು ಬರುವವರೆಗೆ ಅಷ್ಟಾದರೂ ಬರಹದಲ್ಲಿ ಇರಲಿ.