ಕಾರಿನ ಇಂದ್ರಿಯಗಳೂ ಅವುಗಳ ಸಾಕ್ಷ್ಯವೂ

ರಾಜಾಜಿನಗರದಿಂದ ಕೆಂಗೇರಿಯವರೆಗೆ ಈಗ ಕಾರಿಲ್ಲದ ಬೀದಿಯು ಅಪರೂಪವಾಗಿದೆ. ಅದರ ಫಲಕದಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪವು ಹೊತ್ತಿಕೊಂಡಿತೆಂದರೆ ಗೃಹಸ್ಥನಿಗೆ ಖರ್ಚಿನ ಚಿಂತೆ ಹತ್ತುವುದು. ಗ್ಯಾರೇಜಿನಲ್ಲಿ ಸ್ಕ್ಯಾನರನ್ನು ಜೋಡಿಸಿ, ‘ಸೆನ್ಸರ್ ಹೋಗಿದೆ, ಬದಲಿಸಬೇಕು’ ಎನ್ನುವರು. ಈ ಮಾತನ್ನು ಒಪ್ಪುವ ಮುನ್ನ ವಾಚಕರು ಕೊಂಚ ವಿಚಾರಮಾಡಬೇಕೆಂಬುದು ನಮ್ಮ ಬಿನ್ನಹ.

ಸೆನ್ಸರುಗಳು ಇಂಜಿನ್ನಿನ ಇಂದ್ರಿಯಗಳು. ಒಂದು ಒಳಬರುವ ಗಾಳಿಯನ್ನೂ, ಒಂದು ತಂಪುನೀರಿನ ಶಾಖವನ್ನೂ, ಮತ್ತೊಂದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನೂ ಅಳೆದು, ಇಸಿಯು ಎಂಬ ಗಣಕಕ್ಕೆ ತಿಳಿಸುವುವು. ಅದು ಮನಸ್ಸಿನಂತೆ ಎಲ್ಲವನ್ನೂ ಕೂಡಿಸಿ ನೋಡಿ ಇಂಧನವನ್ನು ಹದವರಿತು ಕೊಡುವುದು. ಹದ ತಪ್ಪಿದರೆ ಒಂದು ಸಂಕೇತವನ್ನು ಬರೆದಿಡುವುದು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮವು ದೇಶಾದ್ಯಂತ ಜಾರಿಯಾದ ಮೇಲೆ ಈ ಕಾವಲು ಮತ್ತಷ್ಟು ಬಿಗಿಯಾಗಿದೆ.

ಆದರೆ ಸಂಕೇತವು ದೂರೇ ಹೊರತು ತೀರ್ಪಲ್ಲ. ಪಿ0171 ಎಂಬುದರ ಅರ್ಥವು ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದಿಷ್ಟೇ. ಅಲ್ಲಿ ಆಮ್ಲಜನಕದ ಸೆನ್ಸರು ನಿಜವನ್ನೇ ನುಡಿದಿರಬಹುದು. ಬಿರುಕುಬಿಟ್ಟ ಕೊಳವೆಯೋ ದುರ್ಬಲವಾದ ಪಂಪೋ ಅಪರಾಧಿಯಾಗಿರಬಹುದು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದೆನ್ನುವ ತಾರ್ಕಿಕರೇ, ಹಬೆಯನ್ನು ಹೊಗೆಯೆಂದು ಭ್ರಮಿಸಿದರೆ ಅನುಮಾನವು ಕೆಡುವುದೆಂದೂ ಎಚ್ಚರಿಸಿರುವರು.

ಬಸವೇಶ್ವರನಗರದ ನಮ್ಮ ನೆರೆಯವರೊಬ್ಬರ ಕಾರು ವಿಪರೀತವಾಗಿ ಪೆಟ್ರೋಲನ್ನು ಕುಡಿಯತೊಡಗಿತು. ಸ್ಕ್ಯಾನರಿನಲ್ಲಿ ತಂಪುನೀರಿನ ಶಾಖವು ಸೊನ್ನೆಗಿಂತ 40 ಡಿಗ್ರಿ ಕೆಳಗೆ ಕಾಣಿಸಿತು. ಬೆಂಗಳೂರಿಗೆ ಹಿಮಾಲಯವು ಇಳಿದು ಬಂದೀತೆ? ಸೆನ್ಸರಿನೊಳಗೆ ಕಡಿದಿದ್ದರೂ, ಹೊರಗಿನ ತಂತಿಯೇ ತುಂಡಾಗಿದ್ದರೂ ಅನೇಕ ಕಾರುಗಳಲ್ಲಿ ಇದೇ ಅಂಕ ಬರುವುದು. ಅನುಭವಸ್ಥನಾದ ಮೆಕ್ಯಾನಿಕನೊಬ್ಬನು ಸೆನ್ಸರಿನ ಪ್ಲಗ್ಗನ್ನು ಕಳಚಿ, ಅದರ ಎರಡು ತುದಿಗಳನ್ನು ಚೂರುತಂತಿಯಿಂದ ಕೂಡಿಸಿದನು. ಅಂಕವು ಥಟ್ಟನೆ ಮೇಲೇರಿದ್ದರೆ ತಂತಿಯು ನೆಟ್ಟಗಿದೆ, ಸೆನ್ಸರೇ ದೋಷಿ ಎಂದಾಗುತ್ತಿತ್ತು. ಅಂಕವು ಕದಲಲಿಲ್ಲ. ಹುಡುಕಿದಾಗ ಇಲಿ ಕಡಿದ ತಂತಿಯು ಸಿಕ್ಕಿತು. ಹೊಸ ಸೆನ್ಸರಿನ ಹಣವು ಉಳಿಯಿತು.

ಮನೆಯಲ್ಲಿಯೂ ಒಂದು ಪರೀಕ್ಷೆಯನ್ನು ಮಾಡಬಹುದು. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗ್ಗೆ ಚಾಲೂ ಮಾಡುವ ಮುನ್ನ, ಕೀಲಿಯನ್ನು ಮಾತ್ರ ತಿರುಗಿಸಿ, ಸ್ಕ್ಯಾನರಿನಲ್ಲಿ ತಂಪುನೀರಿನ ಶಾಖವನ್ನೂ ಒಳಗಾಳಿಯ ಶಾಖವನ್ನೂ ನೋಡತಕ್ಕದ್ದು. ಎರಡೂ ಹೆಚ್ಚುಕಡಿಮೆ ಸಮನಾಗಿರಬೇಕು. ಬಹಳ ಅಂತರವಿದ್ದರೆ ಎರಡರಲ್ಲೊಂದು ಸುಳ್ಳಾಡುತ್ತಿದೆಯೆಂದು ಶಂಕಿಸಬಹುದು.

ಹಳದಿ ದೀಪವು ಸ್ಥಿರವಾಗಿದ್ದು ಕಾರು ಸರಿಯಾಗಿಯೇ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಅದು ಮಿನುಗುತ್ತಿದ್ದರೆ ಇಂಜಿನ್ನಿನಲ್ಲಿ ಉರಿ ತಪ್ಪುತ್ತಿದೆಯೆಂದು ತಿಳಿದು, ಸುರಕ್ಷಿತವಾದೆಡೆ ನಿಲ್ಲಿಸುವುದು ಲೇಸು. ಇಲ್ಲವಾದರೆ ಹೊಗೆಯನ್ನು ಶುದ್ಧಿಮಾಡುವ ಬೆಲೆಬಾಳುವ ಭಾಗವು ಸುಟ್ಟುಹೋದೀತು. ಸೆನ್ಸರನ್ನು ಬದಲಿಸಬೇಕೆಂದು ಹೇಳಿದವರನ್ನು, ‘ತಂತಿಯನ್ನೂ ಪ್ಲಗ್ಗನ್ನೂ ಪರೀಕ್ಷಿಸಿದಿರಾ?’ ಎಂದು ವಿನಯದಿಂದ ಕೇಳಿರಿ. ಬಲ್ಲವನು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.