ಕಣ್ಣೀರು ನೋಡಿ ಓಟು ಹಾಕಬೇಡಿ, ಅಫಿಡವಿಟ್ಟು ಓದಿ ಹಾಕಿ

ಮತದಾರ ಬಂಧುಗಳೇ,

ಚುನಾವಣೆ ಬಂತೆಂದರೆ ಟಿವಿಯಲ್ಲಿ ಮುಖ ಓದುವ ಪಂಡಿತರು ಹುಟ್ಟಿಕೊಳ್ಳುತ್ತಾರೆ. ನಾಯಕರು ನೀರು ಕುಡಿದದ್ದೇಕೆ, ತಲೆ ತಗ್ಗಿಸಿದ್ದೇಕೆ ಎಂದು ಒಂದೇ ದೃಶ್ಯವನ್ನು ಹತ್ತು ಸಲ ತೋರಿಸುತ್ತಾರೆ. ಬಾಯಿ ಸುಳ್ಳಾಡಬಹುದು, ಮೈ ಸುಳ್ಳಾಡದು ಎನ್ನುವುದು ಅವರ ವಾದ. ದಯವಿಟ್ಟು ನಂಬಬೇಡಿ.

1960ರ ಸೆಪ್ಟೆಂಬರ್ 26ರಂದು ಅಮೆರಿಕದಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿಗಳಾದ ಕೆನಡಿ ಮತ್ತು ನಿಕ್ಸನ್ ಟಿವಿ ಚರ್ಚೆಗೆ ಕೂತರು. ನಿಕ್ಸನ್ ಮಂಡಿಯ ಸೋಂಕಿನಿಂದ ಆಸ್ಪತ್ರೆ ಸೇರಿ, ಸೊರಗಿ ಬಂದಿದ್ದರು. ಸ್ಟುಡಿಯೊ ಮೇಕಪ್ ಬೇಡವೆಂದು ಗಡ್ಡದ ಕಪ್ಪು ಮುಚ್ಚಲು ಪುಡಿ ಬಳಿದುಕೊಂಡಿದ್ದರು. ದೀಪದ ಕಾವಿಗೆ ಗಲ್ಲದ ಮೇಲೆ ಬೆವರೊಡೆಯಿತು. ಎದುರಿಗೆ ಕೆನಡಿ ಆರೋಗ್ಯದ ಪ್ರತಿರೂಪ. ಆದರೆ ಅಡಿಸನ್ ಎಂಬ ವಾಸಿಯಾಗದ ಕಾಯಿಲೆ ಇದ್ದದ್ದು ಕೆನಡಿಗೇ! ಅವರ ಕಡೆಯವರು ಆ ವರ್ಷ ಅದನ್ನು ಅಲ್ಲಗಳೆದಿದ್ದರು. ಮೈ ಹೇಳಿದ ಸತ್ಯ ಇದೇನಾ?

ಸಂವಹನದಲ್ಲಿ ಮಾತಿನ ಪಾಲು ಶೇ. 7 ಮಾತ್ರ ಎಂದು ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಕೇಳಿರುತ್ತೀರಿ. ಇದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಲೆಕ್ಕ. ಅಲ್ಲಿ ಅಳೆದದ್ದು ಬಿಡಿ ಪದಗಳ ಹಿಂದಿನ ಇಷ್ಟಾನಿಷ್ಟವನ್ನು. ಬಜೆಟ್ಟಿಗೂ ನೀರಾವರಿ ಯೋಜನೆಗೂ ಅದು ಅನ್ವಯಿಸದು. 2006ರಲ್ಲಿ ಬಾಂಡ್ ಮತ್ತು ಡಿಪೌಲೊ ಎಂಬ ಸಂಶೋಧಕರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನ ಸುಳ್ಳು-ನಿಜವನ್ನು ಸರಿಯಾಗಿ ಗುರುತಿಸಿದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೂ ಐವತ್ತು ಸಿಗುತ್ತದೆ. ಅದರಲ್ಲೂ ಬರೀ ನೋಡಿದವರಿಗಿಂತ ಕೇಳಿಸಿಕೊಂಡವರೇ ವಾಸಿ.

ಮಾತೂ ಸುಳ್ಳಾಗಬಹುದಲ್ಲ ಎಂದು ನೀವು ಕೇಳಬಹುದು. ಆಗಬಹುದು. ಆದರೆ ಆಡಿದ ಮಾತಿಗೆ ಲೆಕ್ಕ ಕೇಳಬಹುದು. ಮುಗುಳ್ನಗೆಗೆ, ಕಾಲಿಗೆ ಬಿದ್ದದ್ದಕ್ಕೆ ಯಾರನ್ನು ಕೇಳುತ್ತೀರಿ?

ಆದ್ದರಿಂದ ನಮ್ಮ ಮನವಿ:

• ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿ ಫಾರಂ 26 ಎಂಬ ಅಫಿಡವಿಟ್ಟಿನಲ್ಲಿ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ವಿದ್ಯಾರ್ಹತೆಯ ವಿವರ ಕೊಡಲೇಬೇಕು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಅದು ಸಿಗುತ್ತದೆ, ಓದಿ.
• ಹಿಂದಿನ ಪ್ರಣಾಳಿಕೆಯನ್ನು ಎತ್ತಿಟ್ಟುಕೊಳ್ಳಿ. ಓಟು ಕೇಳಲು ಮನೆಗೆ ಬಂದವರ ಮುಂದೆ ಅದನ್ನಿಟ್ಟು ಒಂದೊಂದೇ ಭರವಸೆಯ ಲೆಕ್ಕ ಕೇಳಿ.
• ಉತ್ತರವನ್ನು ಅವರೆದುರೇ ಬರೆದುಕೊಳ್ಳಿ.

ಅಫಿಡವಿಟ್ಟಿನಲ್ಲಿ ಸುಳ್ಳು ಬರೆದವರಿಗೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಶಿಕ್ಷೆಯಾಗಬಹುದು. ಸುಳ್ಳು ಕಣ್ಣೀರಿಗೆ ಯಾವ ಕಾಯ್ದೆಯಲ್ಲೂ ಶಿಕ್ಷೆಯಿಲ್ಲ. ಶಿಕ್ಷೆಯ ಭಯವಿದ್ದು ಬರೆದದ್ದನ್ನು ನಂಬಬೇಕೋ, ಭಯವಿಲ್ಲದೆ ಸುರಿಸಿದ್ದನ್ನೋ, ನೀವೇ ತೀರ್ಮಾನಿಸಿ.

ಇಂತಿ,
ನಿಮ್ಮಂತೆಯೇ ಓಟು ಹಾಕುವವರು

(ಓದಿದ ಮೇಲೆ ಎಸೆಯಬೇಡಿ, ಪಕ್ಕದ ಮನೆಗೆ ಕೊಡಿ.)